ಆಫೀಸಲ್ಲಿ ಜನಾಂಗದ ಕಾರಣಕ್ಕೆ ಮೂಲೆಗೆ ತಳ್ತಿದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ವೆ. ಒಂದು ಕಡೆ ಬಣ್ಣ, ಹೆಸರು, ಮಾತಿನ ಧಾಟಿ ನೋಡಿ ತಮ್ಮನ್ನ ದೂರ ಇಡ್ತಿದಾರೆ ಅನ್ಸೋರು, ಇನ್ನೊಂದು ಕಡೆ ಅವರ ಮ್ಯಾನೇಜರುಗಳು, ಅವರಲ್ಲೂ ಕೆಲವರಿಗೆ ನಿಜವಾಗ್ಲೂ ಏನಾದ್ರೂ ಮಾಡ್ಬೇಕು ಅಂತಿರುತ್ತೆ ಆದ್ರೆ ಎಲ್ಲಿ ಕೈ ಹಾಕ್ಬೇಕು ಗೊತ್ತಾಗಲ್ಲ. ಎರಡನ್ನೂ ಒಂದೇ ಕಡೆ ಇಟ್ಟಿದೀನಿ, ಯಾಕಂದ್ರೆ ಕೆಳಗಿದ್ದವರಿಗೆ ಮಾತ್ರ "ಧೈರ್ಯ ತಂದ್ಕೊಳ್ಳಿ" ಅಂತ ಬುದ್ಧಿ ಹೇಳಿ ಮೇಲೆ ಕೂತವರನ್ನ ಹಾಗೇ ಬಿಟ್ಬಿಟ್ರೆ ಅದು ಅರ್ಧ ಮಾತು. ಕಾನೂನಿನ ವಿಷಯ ಬಂದಲ್ಲಿ ಅಮೆರಿಕ, ಬ್ರಿಟನ್ ಲೆಕ್ಕದಲ್ಲಿ ಹೇಳಿದೀನಿ, ಬೇರೆ ದೇಶದಲ್ಲಿದ್ರೆ ಅಲ್ಲಿಯದನ್ನ ವಿಚಾರಿಸ್ಕೊಳ್ಳಿ.

ನನ್ನನ್ನ ಯಾರೂ ಬೈದಿಲ್ಲ, ಕೆಟ್ಟ ಪದ ಬಳಸಿಲ್ಲ. ಆದ್ರೂ ಇದನ್ನ ತಾರತಮ್ಯ ಅನ್ಬೋದಾ?

ಅನ್ಬೋದು. ಬೈಗುಳ ಇದ್ರೆ ಒಂಥರಾ ಸುಲಭ, ಸಾಕ್ಷಿ ಇರುತ್ತೆ, ಎಲ್ರಿಗೂ ಅರ್ಥ ಆಗುತ್ತೆ. ಕಷ್ಟ ಇರೋದು ಸಣ್ಣ ಸಣ್ಣ ಮಾತಲ್ಲಿ. ಹಾರ್ವರ್ಡ್‌ನಲ್ಲಿ ಮನೋವೈದ್ಯರಾಗಿದ್ದ ಚೆಸ್ಟರ್ ಪಿಯರ್ಸ್ ಅಂತ ಒಬ್ಬ ಕಪ್ಪು ಪ್ರೊಫೆಸರ್ ಇದಕ್ಕೆ 1970ರಲ್ಲೇ ಮೈಕ್ರೋಅಗ್ರೆಷನ್ ಅಂತ ಹೆಸರು ಕೊಟ್ರು. "ನಿಮ್ಮ ಇಂಗ್ಲಿಷ್ ಪರವಾಗಿಲ್ವೇ", "ನಿಮ್ಮ ಹೆಸರು ಹೇಳಕ್ಕೆ ಬರಲ್ಲ, ಚಿಕ್ಕದಾಗಿ ಏನಾದ್ರೂ ಕರೀತೀನಿ", ಕ್ಲೈಂಟ್ ಬಂದಾಗ ನಿಮ್ಮ ಜೂನಿಯರ್ ಕೈ ಕುಲುಕಿ ನಿಮ್ಮನ್ನ ಸಹಾಯಕ ಅಂದ್ಕೊಳ್ಳೋದು, ಟೀಮಲ್ಲಿರೋ ಇಬ್ಬರು ಕಪ್ಪು ಜನರ ಹೆಸರನ್ನ ಅದಲು ಬದಲು ಮಾಡಿ ಕರೆಯೋದು. ಒಂದೊಂದನ್ನೇ ಹಿಡಿದು ಕೂತ್ರೆ "ಅಷ್ಟಕ್ಕೆಲ್ಲಾ ಯಾಕೆ" ಅನ್ಸುತ್ತೆ, ಆದ್ರೆ ಹನಿ ಹನಿ ಕೂಡಿದ್ರೆ ಹಳ್ಳ ಅನ್ನೋದು ಒಳ್ಳೇದಕ್ಕೆ ಮಾತ್ರ ಅಲ್ಲ ನೋಡಿ, ಇದೂ ಹಾಗೇ ತುಂಬ್ಕೊಳ್ಳುತ್ತೆ.

ಸುಮ್ನೆ ನಾನೇ ಜಾಸ್ತಿ ತಲೆ ಕೆಡಿಸ್ಕೊಂಡಿದೀನಾ ಅಂತ ಡೌಟು. ಹೇಗೆ ತಿಳ್ಕೊಳ್ಳೋದು?

ಈ ಡೌಟೇ ಅರ್ಧ ಶಕ್ತಿ ತಿಂದು ಹಾಕುತ್ತೆ. ಅದರಿಂದ ಹೊರಗೆ ಬರಕ್ಕೆ ಮನಸ್ಸಿನ ಜೊತೆ ವಾದ ಮಾಡೋದು ಬಿಟ್ಟು ಕಾಗದ ತಗೊಳ್ಳಿ. ಕಳೆದ 6 ತಿಂಗಳಲ್ಲಿ ಒಳ್ಳೇ ಪ್ರಾಜೆಕ್ಟ್ ಯಾರ್ಯಾರಿಗೆ ಹೋಯ್ತು, ನೋಟ್ಸ್ ಬರೆಯೋ ಕೆಲಸ ಯಾರ ಪಾಲಿಗೆ ಬಂತು, ತಪ್ಪಾದಾಗ ಯಾರಿಗೆ ಬರವಣಿಗೆಯಲ್ಲಿ ವಾರ್ನಿಂಗ್ ಕೊಟ್ರು, ಯಾರಿಗೆ ಬೆನ್ನು ತಟ್ಟಿ "ಆಗುತ್ತೆ ಬಿಡು" ಅಂದ್ರು. ಒಂದೇ ಘಟನೆ ಆಕಸ್ಮಿಕ ಇರ್ಬೋದು. ಪ್ರತೀ ಸಲ ತಕ್ಕಡಿ ಒಂದೇ ಕಡೆ ವಾಲ್ತಿದ್ರೆ ಅದು ನಿಮ್ಮ ಕಲ್ಪನೆ ಅಲ್ಲ. ಹಾಗೇ, ಪಟ್ಟಿ ಮಾಡಿದ ಮೇಲೆ ಅಂಥದ್ದೇನೂ ಕಾಣ್ಸಲಿಲ್ಲ ಅಂದ್ರೆ ಅದನ್ನೂ ಒಪ್ಕೊಳ್ಳಿ, ಮನಸ್ಸಿಗಾದ್ರೂ ಸಮಾಧಾನ ಆಗುತ್ತೆ.

ಎಲ್ರಿಗಿಂತ ಎರಡರಷ್ಟು ಚೆನ್ನಾಗಿ ಕೆಲಸ ಮಾಡಿದ್ರೆ ತಾನಾಗೇ ಸರಿ ಹೋಗುತ್ತೆ ಅಂತಾರಲ್ಲ?

ಮನೇಲಿ ಹಿರಿಯರು ಹೇಳಿರ್ತಾರೆ, ಪ್ರೀತಿಯಿಂದಾನೇ ಹೇಳಿರ್ತಾರೆ, ಆದ್ರೆ ನನಗೆ ಈ ಮಾತಿನ ಮೇಲೆ ಸ್ವಲ್ಪ ಸಿಟ್ಟಿದೆ. ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಬೋಸ್ಟನ್, ಶಿಕಾಗೋ ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಹತ್ತಿರ ಹತ್ತಿರ 5000 ಸುಳ್ಳು ರೆಸ್ಯೂಮೆ ಕಳಿಸಿದ್ರು, ಅದರ ಫಲಿತಾಂಶ 2004ರಲ್ಲಿ ಪ್ರಕಟ ಆಯ್ತು. ಕೆಲವಕ್ಕೆ ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರು, ಕೆಲವಕ್ಕೆ ಲಕೀಶಾ, ಜಮಾಲ್ ಥರದ ಕಪ್ಪು ಜನರ ಹೆಸರು. ಬಿಳಿ ಹೆಸರಿನವರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂದ್ರೆ ಕಪ್ಪು ಹೆಸರಿನವರು ಒಂದು ಕರೆಗೆ ಸುಮಾರು 15 ಅರ್ಜಿ ಹಾಕ್ಬೇಕಿತ್ತು. ನನ್ನನ್ನ ಜಾಸ್ತಿ ಕಾಡಿದ್ದು ಇದಲ್ಲ, ಇನ್ನೊಂದು: ರೆಸ್ಯೂಮೆಯನ್ನ ಇನ್ನಷ್ಟು ಗಟ್ಟಿ ಮಾಡಿ ಕಳಿಸಿದಾಗ ಬಿಳಿ ಹೆಸರಿಗೆ ಕರೆ ಚೆನ್ನಾಗೇ ಏರ್ತು, ಕಪ್ಪು ಹೆಸರಿಗೆ ಅಷ್ಟು ಏರಲಿಲ್ಲ. ಅಂದ್ರೆ ಹೆಚ್ಚಿನ ದುಡಿಮೆಗೆ ಸಿಗೋ ಫಲದಲ್ಲೇ ತಾರತಮ್ಯ. ಕೆಲಸ ಚೆನ್ನಾಗಿ ಮಾಡಿ, ಖಂಡಿತ ಮಾಡಿ, ಆದ್ರೆ ಪಕ್ಷಪಾತಕ್ಕೆ ಅದೇ ಮದ್ದು ಅಂದ್ಕೊಂಡು ಆರೋಗ್ಯ ಹಾಳು ಮಾಡ್ಕೋಬೇಡಿ.

ಹಾಗಾದ್ರೆ ನನ್ನ ಕೈಲಿ ಏನಿದೆ?

ಇದೆ, ಸುಮಾರಿದೆ. ಮೊದಲನೇದು ದಾಖಲೆ. ಏನಾಯ್ತೋ ಅದೇ ದಿನ ಬರೆದಿಡಿ: ತಾರೀಖು, ಹೊತ್ತು, ಯಾರಿದ್ರು, ಆಡಿದ ಮಾತು ಆಡಿದ ಹಾಗೇ, ಆಮೇಲೆ ನಿಮ್ಮ ಕೆಲಸಕ್ಕೆ ಏನು ತೊಂದ್ರೆ ಆಯ್ತು. ಆಫೀಸ್ ಲ್ಯಾಪ್‌ಟಾಪಲ್ಲಿ ಬೇಡ, ನಾಳೆ ಬೆಳಗ್ಗೆ ಲಾಗಿನ್ ಕಿತ್ತುಕೊಂಡ್ರೆ ಎಲ್ಲಾ ಹೋಯ್ತು. ಹಾಗಂತ ಕಂಪನಿಯ ಗುಟ್ಟಿನ ಫೈಲುಗಳನ್ನ ಸ್ವಂತ ಮೇಲ್‌ಗೆ ಕಳಿಸ್ಕೊಳ್ಳಕ್ಕೂ ಹೋಗ್ಬೇಡಿ, ಅದನ್ನೇ ನೆಪ ಮಾಡ್ಕೊಂಡು ಮನೆಗೆ ಕಳಿಸ್ತಾರೆ. ಮಾತುಕತೆ ರೆಕಾರ್ಡ್ ಮಾಡೋ ಮುಂಚೆಯೂ ನೋಡ್ಕೊಳ್ಳಿ, ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನ್ಯೂಯಾರ್ಕ್‌ನಲ್ಲಿ ಮಾತಾಡೋರಲ್ಲಿ ಒಬ್ಬರ ಒಪ್ಪಿಗೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತಿಗೆ ಎಲ್ಲರ ಒಪ್ಪಿಗೆ ಬೇಕು.

ಎರಡನೇದು ನೀವು ಮಾಡಿದ ಒಳ್ಳೇ ಕೆಲಸದ ದಾಖಲೆ, ಇದನ್ನ ಮುಕ್ಕಾಲುಪಾಲು ಜನ ಮರೀತಾರೆ. ಯಾರಾದ್ರೂ ಥ್ಯಾಂಕ್ಸ್ ಹೇಳಿದ ಮೇಲ್, ನೀವು ಉಳಿಸಿದ ದುಡ್ಡು, ಡೆಡ್‌ಲೈನ್ ಮುಂಚೆ ಮುಗಿಸಿದ್ದು. ಅಪ್ರೈಸಲ್ ದಿನ "ಈ ವರ್ಷ ಅಂಥ ಸಾಧನೆ ಕಾಣ್ಸಲಿಲ್ಲ" ಅಂದಾಗ ಟೇಬಲ್ ಮೇಲೆ ಇಡಕ್ಕೆ ಬೇಕಲ್ಲ. ಜೊತೆಗೆ ದಿನಾ "ನೀನು ಕಮ್ಮಿ" ಅನ್ನೋ ಧಾಟಿಯ ಮಾತು ಕೇಳ್ತಿದ್ರೆ ನಿಮಗೇ ನಿಮ್ಮ ಕೆಲಸದ ಬೆಲೆ ಮರ್ತು ಹೋಗುತ್ತೆ, ಆಗ ಓದ್ಕೊಳ್ಳಕ್ಕೂ ಆಗುತ್ತೆ.

ಮೂರನೇದು ಜನ. ಒಬ್ಬರು ಕೇಳಿಸ್ಕೊಳ್ಳೋರು, ಒಬ್ಬರು ದಾರಿ ಹೇಳೋರು, ಇನ್ನೊಬ್ಬರು ನೀವಿಲ್ಲದ ರೂಮಲ್ಲಿ ನಿಮ್ಮ ಹೆಸರು ಎತ್ತೋರು. ಮೂರೂ ಒಬ್ಬರೇ ಆಗ್ಬೇಕಿಲ್ಲ. ದಾರಿ ಹೇಳೋ ಮೆಂಟರ್‌ಗಳು ಸುಲಭವಾಗಿ ಸಿಗ್ತಾರೆ, ಸಲಹೆಗೇನು ದುಡ್ಡಾ ಕಾಸಾ. ಹೆಸರು ಎತ್ತೋ ಸ್ಪಾನ್ಸರ್ ಸಿಗೋದು ಅಪರೂಪ, ಪ್ರಮೋಷನ್ ಆಗೋದು ಅವರಿಂದ.

ಮೀಟಿಂಗಲ್ಲಿ ಥಟ್ಟಂತ ಏನೋ ಅಂದ್ಬಿಡ್ತಾರೆ, ಆ ಕ್ಷಣಕ್ಕೆ ನಾಲಿಗೆ ಹೊರಳಲ್ಲ. ಏನು ಮಾಡ್ಲಿ?

ಎಲ್ರಿಗೂ ಹಾಗೇ, ಒಳ್ಳೇ ಉತ್ತರ ರಾತ್ರಿ ಮಲಗಿದ ಮೇಲೇ ಹೊಳೆಯೋದು. ಅದಕ್ಕೇ ಒಂದೆರಡು ಸಾಲು ಮೊದಲೇ ಬಾಯಿಪಾಠ ಇರ್ಲಿ. "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಅಂದ್ರೆ ಸಾಕು, ಅರ್ಧ ಜನ ಎರಡನೇ ಸಲ ಹೇಳಕ್ಕೆ ನಾಚಿಕೆ ಪಡ್ತಾರೆ. "ಅದರಲ್ಲಿ ನಗೋದೇನಿದೆ ಅರ್ಥ ಆಗ್ಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ" ಅನ್ನೋದೂ ಕೆಲಸ ಮಾಡುತ್ತೆ, ವಿವರಿಸೋಕೆ ಹೊರಟ ಜೋಕು ಅಲ್ಲೇ ಸಾಯುತ್ತೆ. ನಿಮ್ಮ ಐಡಿಯಾನ ಇನ್ನೊಬ್ಬರು ತಮ್ಮದು ಅಂತ ಹೇಳಿದ್ರೆ "ನಾನು ಆಗ್ಲೇ ಹೇಳಿದ್ದನ್ನ ಮುಂದುವರಿಸಿದ್ದಕ್ಕೆ ಥ್ಯಾಂಕ್ಸ್, ಅದರ ಮುಂದಿನ ಹೆಜ್ಜೆ ಹೀಗೆ" ಅಂತ ಮಾತನ್ನ ವಾಪಸ್ ತಗೊಳ್ಳಿ. ಮತ್ತೆ ಸುಮ್ನಿದ್ರೂ ತಪ್ಪಿಲ್ಲ. ಆ ದಿನ ಜಗಳಕ್ಕೆ ಶಕ್ತಿ ಇಲ್ದೇ ಇರ್ಬೋದು, ಬಾಡಿಗೆ ಕಟ್ಟೋ ವಾರ ಇರ್ಬೋದು, ಅದು ಹೇಡಿತನ ಅಲ್ಲ, ನಾಳೆ ಮೇಲಲ್ಲಿ ಕೇಳಿದ್ರೂ ಆಯ್ತು.

ಹೆಸರು ಚಿಕ್ಕದು ಮಾಡ್ಕೊಳ್ಳಿ, ಕೂದಲು "ನೀಟಾಗಿ" ಇರ್ಲಿ ಅಂತಾರೆ. ಒಪ್ಕೋಬೇಕಾ?

ನಿಮ್ಮ ಇಷ್ಟ, ನಿಮ್ಮ ಇಷ್ಟ ಆದ್ರೆ ಮಾತ್ರ. ಕೂದಲಿನ ವಿಷಯದಲ್ಲಿ ಕಾನೂನೂ ಬಂದಿದೆ: 2019ರಲ್ಲಿ ಕ್ಯಾಲಿಫೋರ್ನಿಯಾ ಕ್ರೌನ್ ಆ್ಯಕ್ಟ್ ತಂತು, ಕಪ್ಪು ಜನ ಹಾಕ್ಕೊಳ್ಳೋ ಜಡೆ, ಲಾಕ್ಸ್, ಟ್ವಿಸ್ಟ್ ನೋಡಿ ತಾರತಮ್ಯ ಮಾಡಿದ್ರೆ ಅದನ್ನ ಜನಾಂಗೀಯ ತಾರತಮ್ಯ ಅಂತಲೇ ಲೆಕ್ಕ ಮಾಡುತ್ತೆ, ಆಮೇಲೆ ಬೇರೆ ಎಷ್ಟೋ ರಾಜ್ಯಗಳೂ ಅದೇ ದಾರಿ ಹಿಡಿದ್ವು. ಹೆಸರಿಗೆ ಕಾನೂನು ಬೇಕಿಲ್ಲ, ಮೂರು ಸಲ ಸಮಾಧಾನವಾಗಿ ತಿದ್ದಿದ್ರೆ ಸಾಕು. ನಾಲ್ಕನೇ ಸಲವೂ ತಪ್ಪು ಹೇಳಿದ್ರೆ ಅವರಿಗೆ ಬರದೇ ಇರೋದು ಉಚ್ಚಾರಣೆ ಅಲ್ಲ.

ಎಚ್‌ಆರ್ ಹತ್ರ ಹೋಗ್ಲಾ? ಹೋದ್ರೆ ನನಗೇ ತಿರುಗಿ ಬಂದ್ರೆ?

ಎಚ್‌ಆರ್‌ಗೆ ಸಂಬಳ ಕೊಡೋದು ಕಂಪನಿ, ಇದು ನೆನಪಿರ್ಲಿ. ಅದಕ್ಕೆ ಹೋಗ್ಬೇಡಿ ಅಂತಲ್ಲ, ಬರೀ ಬಾಯಿ ಮಾತಲ್ಲಿ ಹೋಗ್ಬೇಡಿ ಅಂತ. ಮಾತಾಡಿ ಬಂದ ತಕ್ಷಣ "ಇವತ್ತು ನಾವು ಮಾತಾಡಿದ್ದು ಇಷ್ಟು, ನೀವು ಮಾಡ್ತೀನಿ ಅಂದಿದ್ದು ಇಷ್ಟು" ಅಂತ ಮೇಲ್ ಹಾಕಿ. ಆ ಮೇಲ್‌ನಲ್ಲಿ "ನನಗೆ ಮನಸ್ಸಿಗೆ ಬೇಜಾರಾಯ್ತು" ಅಂತ ಮಾತ್ರ ಬರೆದ್ರೆ ಸಾಲಲ್ಲ, "ನನ್ನ ಜನಾಂಗದ ಕಾರಣಕ್ಕೆ ಹೀಗೆ ನಡೆಸ್ಕೊಳ್ತಿದಾರೆ ಅಂತ ನನಗನ್ಸುತ್ತೆ" ಅನ್ನೋ ಮಾತು ಸ್ಪಷ್ಟವಾಗಿ ಇರ್ಬೇಕು, ಇಲ್ಲಾಂದ್ರೆ ಮುಂದೆ "ಇದು ತಾರತಮ್ಯದ ದೂರು ಅಂತ ನಮಗೆ ಗೊತ್ತೇ ಇರ್ಲಿಲ್ಲ" ಅಂತ ಕೈ ತೊಳ್ಕೊಳ್ತಾರೆ.

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆಯ ಟೈಟಲ್ 7, 15 ಅಥವಾ ಹೆಚ್ಚು ನೌಕರರಿರೋ ಕಂಪನಿಗಳಿಗೆ ಅನ್ವಯ ಆಗುತ್ತೆ. ಅದಕ್ಕಿಂತ ಸಣ್ಣ ಜಾಗದಲ್ಲಿದ್ರೂ ದಾರಿ ಪೂರ್ತಿ ಮುಚ್ಚಿಲ್ಲ, 1866ರ ಕಾಯ್ದೆಯಿಂದ ಬಂದ ಸೆಕ್ಷನ್ 1981ಕ್ಕೆ (ಇದು ಇಸವಿ ಅಲ್ಲ, ಸೆಕ್ಷನ್ ನಂಬರು) ಆ ತಲೆ ಎಣಿಕೆ ಇಲ್ಲ. ಟೈಟಲ್ 7 ದೂರು ಹೋಗೋದು ಇಇಒಸಿಗೆ, ಅಂದ್ರೆ ಕೆಲಸದ ಜಾಗದ ತಾರತಮ್ಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಗೆ, ಘಟನೆ ಆದ 180 ದಿನದೊಳಗೆ, ರಾಜ್ಯದಲ್ಲೋ ಊರಲ್ಲೋ ಅದೇ ಥರದ ಕಾನೂನು ನೋಡ್ಕೊಳ್ಳೋ ಏಜೆನ್ಸಿ ಇದ್ರೆ 300 ದಿನ. ಕೇಂದ್ರ ಸರ್ಕಾರದ ನೌಕರರಾದ್ರೆ ಇನ್ನೂ ಕಮ್ಮಿ, 45 ದಿನದಲ್ಲಿ ನಿಮ್ಮ ಇಲಾಖೆಯಲ್ಲಿ ತಾರತಮ್ಯದ ದೂರು ಕೇಳೋ ಕೌನ್ಸೆಲರ್‌ನ ಭೇಟಿ ಮಾಡ್ಬೇಕು. ಎಚ್‌ಆರ್ ತನಿಖೆ ನಡೀತಿದೆ ಅಂತ ಈ ದಿನಗಳು ನಿಂತು ಕಾಯಲ್ಲ, ಎಷ್ಟೋ ಜನ ಇಲ್ಲೇ ಮೋಸ ಹೋಗೋದು. ಬ್ರಿಟನ್‌ನಲ್ಲಿ 2010ರ ಈಕ್ವಾಲಿಟಿ ಆ್ಯಕ್ಟ್ ಇದೆ, ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲಾ ಅದರೊಳಗೇ ಬರುತ್ತೆ, ಕೆಲಸದ ಕೇಸು ನೋಡೋ ಟ್ರಿಬ್ಯುನಲ್‌ಗೆ ಹೋಗೋ ಮುಂಚೆ ಕೆಲಸದ ಜಗಳದಲ್ಲಿ ರಾಜಿ ಮಾಡಿಸೋ ಸಂಸ್ಥೆ ಏಕಾಸ್‌ಗೆ ತಿಳಿಸ್ಬೇಕು.

ತಿರುಗಿ ಬರೋ ಭಯ ಸುಳ್ಳಲ್ಲ. ಇಇಒಸಿಗೆ ಎಷ್ಟೋ ವರ್ಷದಿಂದ ಅತಿ ಹೆಚ್ಚು ಬರ್ತಿರೋ ದೂರೇ "ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸ್ಕೊಂಡ್ರು" ಅನ್ನೋದು. ಹಾಗೆ ಸೇಡು ತೀರಿಸ್ಕೊಳ್ಳೋದು ಬೇರೇನೇ ಒಂದು ಕಾನೂನು ಉಲ್ಲಂಘನೆ. ಮೂಲ ದೂರು ಸಾಬೀತಾಗದೇ ಹೋದ್ರೂ, ನೀವು ನಿಜ ಅಂತ ನಂಬಿ ಕೊಟ್ಟಿದ್ರೆ ಸೇಡಿನ ಕೇಸು ನಿಲ್ಲಬಹುದು. ಅದಕ್ಕೇ ದೂರಿನ ತಾರೀಖು, ಆಮೇಲೆ ಶಿಫ್ಟೋ ರೇಟಿಂಗೋ ಬದಲಾದ ತಾರೀಖು, ಎರಡೂ ನಿಮ್ಮ ಡೈರಿಯಲ್ಲಿರ್ಲಿ. ದೊಡ್ಡ ಹೆಜ್ಜೆ ಇಡೋ ಮುಂಚೆ ಒಂದ್ಸಲ ಲಾಯರ್ ಹತ್ರ ಕೂತು ಮಾತಾಡಿ.

ನಾನು ಕಪ್ಪು ಹೆಂಗಸು. ಇದು ಬಣ್ಣಕ್ಕಾ, ಹೆಣ್ಣು ಅಂತಾನಾ, ನನಗೇ ಬಿಡಿಸಿ ಹೇಳಕ್ಕಾಗ್ತಿಲ್ಲ.

ಬಿಡಿಸಿ ಹೇಳೋ ಅಗತ್ಯಾನೂ ಇಲ್ಲ. ಜನರಲ್ ಮೋಟಾರ್ಸ್ ಮೇಲೆ ಐದು ಕಪ್ಪು ಹೆಂಗಸರು ಕೇಸು ಹಾಕಿದ್ರು. 1964ಕ್ಕೆ ಮುಂಚೆ ಆ ಕಂಪನಿ ಕಪ್ಪು ಹೆಂಗಸರನ್ನ ಕೆಲಸಕ್ಕೇ ತಗೊಂಡಿರ್ಲಿಲ್ಲ, ಹಾಗಾಗಿ ಕೊನೇಲಿ ಬಂದವರು ಮೊದಲು ಹೊರಗೆ ಅನ್ನೋ ರೂಲಲ್ಲಿ ಹೊರಗೆ ಬಿದ್ದಿದ್ದೂ ಅವರೇ. 1976ರಲ್ಲಿ ಕೋರ್ಟು ಬಣ್ಣ ಒಂದು ಕೇಸು, ಹೆಣ್ಣು ಒಂದು ಕೇಸು, ಎರಡನ್ನೂ ಸೇರಿಸಕ್ಕಾಗಲ್ಲ ಅಂದ್ಬಿಡ್ತು. ಹೆಂಗಸರು ಕೆಲಸದಲ್ಲಿದ್ರು, ಬಿಳಿಯರು. ಕಪ್ಪು ಜನ ಇದ್ರು, ಗಂಡಸರು. ಈ ಸಂದಿಯಲ್ಲಿ ಬಿದ್ದು ಹೋದವರ ಬಗ್ಗೆ ಬರೆಯಕ್ಕೇ ಕಿಂಬರ್ಲೆ ಕ್ರೆನ್ಷಾ ಅನ್ನೋ ಕಾನೂನು ಪ್ರೊಫೆಸರ್ 1989ರಲ್ಲಿ, ಎರಡು ತಾರತಮ್ಯ ಒಂದರ ಮೇಲೊಂದು ಬೀಳೋದಕ್ಕೆ, ಇಂಟರ್‌ಸೆಕ್ಷನಾಲಿಟಿ ಅನ್ನೋ ಪದ ತಂದ್ರು. ದೂರು ಕೊಡೋವಾಗ ಎರಡೂ ಕಾರಣ ಬರೀರಿ, ಇಇಒಸಿ ಫಾರ್ಮಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆ ಗುರುತು ಮಾಡಕ್ಕೆ ಬರುತ್ತೆ.

ಈಗ ನನ್ನ ಪ್ರಶ್ನೆ: ನಾನು ಮ್ಯಾನೇಜರ್, ಬಿಳಿಯ. ಒಳ್ಳೇದು ಮಾಡ್ಬೇಕು ಅಂತಿದೆ. ಎಲ್ಲಿಂದ ಶುರು ಮಾಡ್ಲಿ?

ಭಾಷಣದಿಂದ ಅಂತೂ ಬೇಡ. ನಿಮ್ಮ ನಿಜವಾದ ಅಧಿಕಾರ ಇರೋದು ಕೆಲಸ ಹಂಚೋದ್ರಲ್ಲಿ. ಈ ವಾರ ಕಣ್ಣಿಗೆ ಬೀಳೋ ಕೆಲಸ ಯಾರಿಗೆ ಕೊಟ್ರಿ, ಯಾರನ್ನ ಕ್ಲೈಂಟ್ ಮುಂದೆ ಕೂರಿಸಿದ್ರಿ, ಬಾಸ್ ಮುಂದೆ ಯಾರ ಹೆಸರು ಹೇಳಿದ್ರಿ, ಅಷ್ಟೇ ನೋಡ್ಕೊಳ್ಳಿ.

ಒಂದು ಉದಾಹರಣೆ ನನಗೆ ಯಾವಾಗ್ಲೂ ಇಷ್ಟ. ನಾಸಾ ಆಗೋ ಮುಂಚೆ ನಾಕಾ ಅಂತಿತ್ತು, ಅದರ ಲ್ಯಾಂಗ್ಲಿ ಕೇಂದ್ರದಲ್ಲಿ ಕಪ್ಪು ಹೆಂಗಸರನ್ನ ಬೇರೆ ಕೂರಿಸಿ ಲೆಕ್ಕ ಮಾಡಿಸ್ತಿದ್ರು. ಮೇರಿ ಜಾಕ್ಸನ್ 1951ರಲ್ಲಿ ಅಲ್ಲಿ ಸೇರಿದ್ರು. ಕಝಿಮಿಯೆರ್ಜ್ ಜಾರ್ನೆಕಿ ಅನ್ನೋ ಇಂಜಿನಿಯರ್ ಅವರನ್ನ ಜೋರಾಗಿ ಗಾಳಿ ಹಾಯಿಸಿ ವಿಮಾನದ ಮಾದರಿ ಪರೀಕ್ಷಿಸೋ ತಮ್ಮ ವಿಂಡ್ ಟನೆಲ್ ಕೆಲಸಕ್ಕೆ ತಗೊಂಡು, ಸ್ವತಃ ಪ್ರಯೋಗ ಮಾಡೋ ಅವಕಾಶ ಕೊಟ್ಟು, ನೀವು ಇಂಜಿನಿಯರ್ ಟ್ರೈನಿಂಗಿಗೆ ಹೋಗಿ ಅಂದ್ರು. ಆ ಕ್ಲಾಸುಗಳು ನಡೀತಿದ್ದಿದ್ದು ಬಿಳಿಯರಿಗಷ್ಟೇ ಇದ್ದ ಶಾಲೆಯಲ್ಲಿ, ಜಾಕ್ಸನ್ ವಿಶೇಷ ಅನುಮತಿ ತಗೊಂಡು ಹೋಗಿ ಕೂತು ಕಲಿತು 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಇಂಜಿನಿಯರ್ ಆದ್ರು. ಈ ಕಥೇನ ಬರೀ ಅವರ ಛಲದ ಕಥೆ ಅಂತ ಹೇಳೋರು ಜಾರ್ನೆಕಿನ ಮರೀತಾರೆ, ಬರೀ ಒಳ್ಳೇ ಬಾಸ್‌ನ ಕಥೆ ಅನ್ನೋರು ಆ ಅನುಮತಿ ಕೇಳಕ್ಕೆ ಹೋದವರು ಯಾರು ಅನ್ನೋದನ್ನ ಮರೀತಾರೆ. ಜಾರ್ನೆಕಿ ಮಾಡಿದ್ದು ಎರಡೇ ಕೆಲಸ ನೋಡಿ, ತೂಕದ ಕೆಲಸ ಕೊಟ್ಟಿದ್ದು, ಮುಂದಿನ ಮೆಟ್ಟಿಲು ತೋರಿಸಿದ್ದು.

ಅದೇ ಜಾಗದಲ್ಲಿ ಡೊರೊಥಿ ವಾನ್ ಇದ್ರು, 1949ರಲ್ಲಿ ನಾಕಾದ ಮೊದಲ ಕಪ್ಪು ಸೂಪರ್‌ವೈಸರ್. ತಮ್ಮ ಗುಂಪಿನವರಿಗೆ ಬಡ್ತಿ, ಸಂಬಳ ಅಂತ ವಾದ ಮಾಡೋರು, ಬೇರೆ ಗುಂಪಿನ ಹೆಂಗಸರಿಗೂ ಮಾಡೋರು. ಕಂಪ್ಯೂಟರ್ ಬಂದಾಗ ಫೋರ್ಟ್ರಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ತಾವೂ ಕಲಿತು ಬೇರೆಯವರಿಗೂ ಕಲಿಸಿದ್ರು. ಆದ್ರೆ 1958ರಲ್ಲಿ ಆ ಪ್ರತ್ಯೇಕ ವಿಭಾಗ ಮುಚ್ಚಿದ ಮೇಲೆ ಅವರು ಇನ್ನೊಂದು ಮ್ಯಾನೇಜರ್ ಹುದ್ದೆ ಬಯಸಿದ್ರೂ 1971ರಲ್ಲಿ ರಿಟೈರ್ ಆಗೋವರೆಗೆ ಸಿಗ್ಲೇ ಇಲ್ಲ. ಕೆಳಗಿನವರಿಗೆಲ್ಲಾ ಬೆನ್ನಿಗೆ ನಿಂತವರ ಬೆನ್ನಿಗೆ ಮೇಲಿನಿಂದ ಯಾರೂ ಇರ್ಲಿಲ್ಲ. ನಿಮ್ಮ ಕೆಳಗೆ ಅಂಥವರಿದ್ರೆ ಒಂದ್ಸಲ ಯೋಚಿಸಿ.

ಟೀಮಿನವರು ಬಂದು "ನನಗೆ ಹೀಗಾಯ್ತು" ಅಂದಾಗ ಏನು ಹೇಳ್ಬೇಕು?

ಮೊದಲು ಬಾಯಿ ಮುಚ್ಕೊಂಡು ಕೇಳಿ. "ಅವರು ಹಂಗಲ್ಲ, ಒಳ್ಳೇ ಮನುಷ್ಯ" ಅನ್ನೋದು ಬಂತು ಅಂದ್ರೆ ಮಾತು ಅಲ್ಲಿಗೆ ಮುಗೀತು, ಇನ್ಮೇಲೆ ಅವರು ನಿಮ್ಮ ಹತ್ರ ಬರಲ್ಲ. "ಹೇಳಿದ್ದು ಒಳ್ಳೇದಾಯ್ತು. ಈಗ ನಾನೇನು ಮಾಡ್ಬೇಕು ಅಂತ ನಿಮಗಿದೆ?" ಅಂತ ಕೇಳಿ. ಇನ್ನೊಂದು ಮಾತು, ಗುಟ್ಟಾಗೇ ಇಡ್ತೀನಿ ಅಂತ ಆಣೆ ಮಾಡ್ಬೇಡಿ, ಎಷ್ಟೋ ಕಂಪನಿಗಳಲ್ಲಿ ಮ್ಯಾನೇಜರ್ ಕಿವಿಗೆ ಬಿದ್ದ ಮೇಲೆ ವರದಿ ಮಾಡ್ಲೇಬೇಕು ಅನ್ನೋ ನಿಯಮ ಇರುತ್ತೆ, ಅದನ್ನ ಮೊದಲೇ ಹೇಳ್ಬಿಡಿ. ಮತ್ತೆ ಒಂದು ತಾರೀಖು ಕೊಡಿ, ಆ ತಾರೀಖಿಗೆ ನೀವಾಗೇ ಹೋಗಿ ಮಾತಾಡಿ, ಹೇಳಕ್ಕೆ ಏನೂ ಇಲ್ಲದಿದ್ರೂ. ತೊಂದ್ರೆ ಆದವರನ್ನೇ ಬೇರೆ ಟೀಮಿಗೆ ಹಾಕಿ ಪರಿಹಾರ ಅನ್ಬೇಡಿ ದಯವಿಟ್ಟು, ಅದು ಗಾಯದ ಮೇಲೆ ಉಪ್ಪು.

ತಪ್ಪು ಅರ್ಥ ಮಾಡ್ಕೊಂಡ್ರೆ ಅನ್ನೋ ಭಯಕ್ಕೆ ಅವರಿಗೆ ಖಡಕ್ ಫೀಡ್‌ಬ್ಯಾಕ್ ಕೊಡಕ್ಕಾಗ್ತಿಲ್ಲ.

ಹಾಗೆ ಕೊಡದೇ ಇರೋದೇ ದೊಡ್ಡ ಅನ್ಯಾಯ, ಬೇರೆಯವರೆಲ್ಲಾ ತಿದ್ಕೊಂಡು ಮುಂದೆ ಹೋಗ್ತಾರೆ, ಇವರು "ಪರವಾಗಿಲ್ಲ, ಚೆನ್ನಾಗಿದೆ" ಕೇಳ್ಕೊಂಡು ಅಲ್ಲೇ ಉಳೀತಾರೆ. ಜೆಫ್ರಿ ಕೋಹೆನ್, ಕ್ಲಾಡ್ ಸ್ಟೀಲ್, ಲೀ ರಾಸ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು. ಬಿಳಿ ಪರೀಕ್ಷಕರು ಪ್ರಬಂಧಕ್ಕೆ ಬರೀ ಟೀಕೆ ಕೊಟ್ರೆ ಕಪ್ಪು ವಿದ್ಯಾರ್ಥಿಗಳು ಅದನ್ನ ಪಕ್ಷಪಾತ ಅಂತ ಶಂಕಿಸಿದ್ರು, ಹುಮ್ಮಸ್ಸೂ ಕಮ್ಮಿ ಆಯ್ತು. ಅದೇ ಟೀಕೆ ಜೊತೆ "ಇಲ್ಲಿ ಮಟ್ಟ ಎತ್ತರದ್ದು, ಆ ಮಟ್ಟ ಮುಟ್ಟೋ ಶಕ್ತಿ ನಿಮಗಿದೆ" ಅನ್ನೋ ಎರಡೂ ಮಾತು ಸೇರಿಸಿದಾಗ ಆ ಶಂಕೆ ಇಳೀತು. ಎರಡೂ ಬೇಕು, ಒಂದೇ ಇದ್ರೆ ಸಾಕಾಗಲ್ಲ. ಬರೀ ಹೊಗಳಿಕೆ ಹಾಕಿದ್ದೂ ಅಷ್ಟು ಕೆಲಸ ಮಾಡ್ಲಿಲ್ಲ.

ನನಗೆ ಕೆಟ್ಟ ಉದ್ದೇಶ ಇರ್ಲಿಲ್ಲವಲ್ಲ, ಆದ್ರೂ ತಪ್ಪು ನನ್ನದಾ?

1971ರಲ್ಲಿ ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ: ಕೆಲಸಕ್ಕೆ ಸಂಬಂಧಾನೇ ಇಲ್ಲದ ಹೈಸ್ಕೂಲ್ ಸರ್ಟಿಫಿಕೇಟು, ಟೆಸ್ಟು ಕೇಳಿ ಕಪ್ಪು ಜನ ಹೊರಗುಳಿಯೋ ಹಾಗಾದ್ರೆ, ಉದ್ದೇಶ ಏನೇ ಇರ್ಲಿ, ನಡೆಯಲ್ಲ. ನಾನೂ ಒಂದ್ಸಲ ಟೀಮಿನವರೊಬ್ಬರ ಹೆಸರನ್ನ ಇನ್ನೊಬ್ಬರಿಗೆ ಕರೆದು, ಆಮೇಲೆ ಹತ್ತು ನಿಮಿಷ ಕ್ಷಮೆ ಕೇಳಿ, ಕೊನೆಗೆ ಅವರೇ ನನ್ನನ್ನ ಸಮಾಧಾನ ಮಾಡೋ ಹಾಗೆ ಮಾಡಿಟ್ಟೆ. ಈಗ ನೆನೆಸ್ಕೊಂಡ್ರೂ ಮುಖ ಬಿಸಿ ಆಗುತ್ತೆ. "ತಪ್ಪಾಯ್ತು, ಕ್ಷಮಿಸಿ" ಅಂತ ಒಂದು ಸಾಲು, ಮತ್ತೆ ಆ ತಪ್ಪು ಮಾಡದೇ ಇರೋದು, ಅಷ್ಟು ಸಾಕಿತ್ತು.

ತಾರತಮ್ಯದ ಬಗ್ಗೆ ಎಲ್ರಿಗೂ ಕಡ್ಡಾಯ ಟ್ರೈನಿಂಗ್ ಮಾಡಿಸಿದ್ರೆ ಆಯ್ತಲ್ಲ?

ಅದೊಂದೇ ಆದ್ರೆ ಕಣ್ಣೊರೆಸೋ ಕೆಲಸ. ಅಲೆಕ್ಸಾಂಡ್ರಾ ಕಾಲೆವ್, ಫ್ರಾಂಕ್ ಡಾಬಿನ್, ಎರಿನ್ ಕೆಲ್ಲಿ 708 ಖಾಸಗಿ ಸಂಸ್ಥೆಗಳ 1971ರಿಂದ 2002ರವರೆಗಿನ ಲೆಕ್ಕ ತೆಗೆದು ನೋಡಿದಾಗ, ಮ್ಯಾನೇಜರ್ ಹುದ್ದೆಗಳಿಗೆ ಹೆಂಗಸರನ್ನ, ಕಪ್ಪು ಜನರನ್ನ ತರೋದ್ರಲ್ಲಿ ಟ್ರೈನಿಂಗ್ ಎಲ್ಲಕ್ಕಿಂತ ದುರ್ಬಲ ಉಪಾಯಗಳಲ್ಲಿ ಒಂದು, ಇಂಥವರೇ ಇದಕ್ಕೆ ಜವಾಬ್ದಾರಿ ಅಂತ ನೇಮಿಸಿದ ಕಡೆ ಬದಲಾವಣೆ ಎಲ್ಲಕ್ಕಿಂತ ಜಾಸ್ತಿ. ಇಂಟರ್‌ವ್ಯೂನಲ್ಲಿ ಎಲ್ರಿಗೂ ಅದೇ ಪ್ರಶ್ನೆ ಕೇಳಿ, ಮಾತಾಡೋ ಮುಂಚೆ ಅಂಕ ಬರೆದಿಡಿ, ಪ್ರಮೋಷನ್ ನಿಯಮ ಎಲ್ರಿಗೂ ಓದಕ್ಕೆ ಸಿಗೋ ಜಾಗದಲ್ಲಿಡಿ.

ಎಲ್ಲಾ ಜನಾಂಗದವರಿಗೂ ಜಾಗ ಸಿಗ್ಲಿ ಅಂತ ಮಾಡೋ ಡೈವರ್ಸಿಟಿ ಕಮಿಟಿಗೆ ನನ್ನನ್ನೇ ಹಾಕ್ತಾರೆ, ಪ್ರತೀ ಸಲ. ಬೇಡ ಅನ್ಬೋದಾ?

ಧಾರಾಳವಾಗಿ. ಒಪ್ಕೊಳ್ಳೋದಾದ್ರೆ ಮೂರು ಕೇಳಿ: ಇದಕ್ಕೆ ಎಷ್ಟು ಗಂಟೆ, ಅಷ್ಟು ಗಂಟೆ ಬೇರೆ ಯಾವ ಕೆಲಸದಿಂದ ಕಡಿಮೆ ಮಾಡ್ತೀರಿ, ಅಪ್ರೈಸಲ್‌ನಲ್ಲಿ ಇದು ಲೆಕ್ಕಕ್ಕೆ ಬರುತ್ತಾ. ಮೂರಕ್ಕೂ ಗೊಣಗಿದ್ರೆ ನಿಮ್ಮ ಫೋಟೋ ಬೇಕಿದೆ ಅಷ್ಟೆ.

ನಾನು ಮ್ಯಾನೇಜರೂ ಅಲ್ಲ, ತೊಂದ್ರೆ ಆಗ್ತಿರೋದು ನನಗೂ ಅಲ್ಲ, ಪಕ್ಕದಲ್ಲಿ ಕೂತಿರೋನು.

ನೀವು ಕೇಳಿಸ್ಕೊಂಡಿದ್ದನ್ನ ತಾರೀಖು ಹಾಕಿ ಬರೆದಿಡಿ, ನಾಳೆ ಸಾಕ್ಷಿ ಬೇಕಾಗುತ್ತೆ. ಮೀಟಿಂಗಲ್ಲಿ "ಈ ಪಾಯಿಂಟ್ ಮೊದಲು ಹೇಳಿದ್ದು ಅವರು" ಅನ್ನಿ. ಮೀಟಿಂಗ್ ಮುಗಿದ ಮೇಲೆ ಕಾರಿಡಾರಲ್ಲಿ ಬಂದು ಭುಜ ತಟ್ಟಿ "ಛೆ, ಅವರು ಹಾಗನ್ನಬಾರದಿತ್ತು" ಅನ್ನೋದು ಅಷ್ಟೇನೂ ಉಪಯೋಗ ಇಲ್ಲ, ಅಲ್ಲಿ ಒಳಗಿದ್ದಾಗ ಅನ್ಬೇಕಿತ್ತು.

ಎಲ್ಲಾ ಮಾಡಿದೆ, ಏನೂ ಬದಲಾಗ್ಲಿಲ್ಲ. ಬಿಟ್ಟು ಹೋದ್ರೆ ಸೋತ ಹಾಗಾ?

ನಿದ್ದೆ ಹೋಗಿದೆ, ಭಾನುವಾರ ಸಾಯಂಕಾಲ ಆದ್ರೆ ಎದೆ ಭಾರ ಆಗುತ್ತೆ ಅಂದ್ರೆ ಮೊದಲು ಡಾಕ್ಟರ್ ಅಥವಾ ಕೌನ್ಸೆಲರ್ ನೋಡಿ, ಅದರ ಕಾಗದಾನೂ ಇಟ್ಕೊಳ್ಳಿ. ಬಿಡೋದೇ ಅಂತ ತೀರ್ಮಾನ ಆದ್ರೆ ಸಿಟ್ಟಲ್ಲಿ ಇವತ್ತೇ ಪೇಪರ್ ಹಾಕ್ಬೇಡಿ. ಲಾಯರ್ ಹತ್ರ ಕೇಳದೇ ರಾಜೀನಾಮೆ ಕೊಟ್ರೆ "ತಾವಾಗೇ ಹೋದ್ರು" ಅಂತ ಬರ್ಕೊಳ್ತಾರೆ, ಪರಿಹಾರ ಕೇಳೋದು ಕಷ್ಟ ಆಗುತ್ತೆ. ಹೊರಗೆ ಹೋಗೋವಾಗ ಒಂದಿಷ್ಟು ದುಡ್ಡು ಕೊಟ್ಟು ಸಹಿ ಮಾಡಿ ಅಂತ ಕೊಡೋ ಕಾಗದದಲ್ಲಿ ಮುಂದೆ ಕೇಸು ಹಾಕಲ್ಲ ಅನ್ನೋ ಸಾಲು ಇರುತ್ತೆ, ಅಲ್ಲೇ ನಿಂತು ಸಹಿ ಮಾಡ್ಬೇಡಿ, ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ. ಹೊಸ ಜಾಗದ ಇಂಟರ್‌ವ್ಯೂನಲ್ಲಿ ಅವರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ನೀವೂ ಒಂದು ಕೇಳಿ: "ಈ ಟೀಮಿಂದ ಕೊನೇ ಸಲ ಪ್ರಮೋಷನ್ ಆಗಿದ್ದು ಯಾರಿಗೆ, ಅವರ ಹೆಸರು ಎತ್ತಿದ್ದು ಯಾರು?" ಅವರು ಉತ್ತರ ಹುಡುಕಕ್ಕೆ ತಗೊಳ್ಳೋ ಹೊತ್ತನ್ನೂ ಗಮನಿಸಿ.